ಬೀರುವಿನೊಳಗಿನ ರೂಟರ್

ಒಂದಾನೊಂದು ಓಣಿಯಲ್ಲಿ, ಒಂದು ಮಾಳಿಗೆ ಮನೆಯಲ್ಲಿ, ಒಬ್ಬ ಕನ್ನಡಕದ ಅಂಗಡಿಯವನಿದ್ದ. ಏಳು ಕಡಲಾಚೆಯ ಗಿಳಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸನಿಗೂ ಇವನಷ್ಟು ಭಯವಿರಲಿಲ್ಲ. ಹಾಲಿನ ಪಾತ್ರೆಯೊಂದನ್ನು ಬಿಟ್ಟು ಮನೆಯಲ್ಲಿ ಎಲ್ಲಕ್ಕೂ ಬೀಗ ಜಡಿದಿದ್ದ. ಓಣಿಯವರು ಅವನ ಹೆಸರನ್ನೇ ಮರೆತು ‘ಬೀಗದ ರಾಯರು’ ಅನ್ನುತ್ತಿದ್ದರು.

ಇಂಥವನಿಗೆ ಒಂದು ರಜೆಯ ಬೆಳಿಗ್ಗೆ, ಹಳೆಯ ರೂಟರಿನೊಳಗೆ ಯಾರು ಬೇಕಾದರೂ ನುಗ್ಗಬಹುದೆಂಬ ಸುದ್ದಿ ಕಣ್ಣಿಗೆ ಬಿತ್ತು. ತಿಂಡಿ ಅರ್ಧಕ್ಕೇ ಬಿಟ್ಟೆದ್ದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹಗಲಿಡೀ ಮೊಬೈಲ್ ನೋಡಿ ನಗುವುದು ತನ್ನ ನೆಟ್ಟಿನಲ್ಲೇ ಎಂಬ ಅನುಮಾನ ಅವನಿಗೆ ಮೊದಲಿನಿಂದಲೂ ಇತ್ತು. ಪೇಟೆಗೆ ಓಡಿ, ಅಂಗಾತ ಬಿದ್ದ ಜೀರುಂಡೆಯ ಕಾಲಿನಂತೆ ಆಂಟೆನಾ ಮೇಲೆತ್ತಿದ್ದ ಹೊಸ ರೂಟರ್ ತಂದ.

ಅವತ್ತೇ ಸಂಜೆ ಹೆಂಡತಿಗೆ ವಿಡಿಯೊದಲ್ಲಿ ಸಂದರ್ಶನ. ಬಹಳ ಕಾಲ ಕಾದು ಕೂತ ಕೆಲಸ. ತಪ್ಪಿದರೆ ಇನ್ನೊಂದು ಬಾರಿ ಕರೆಯುವವರಲ್ಲ.

“ರೀ, ಇವತ್ತೊಂದು ದಿನ ಏನೂ ಮುಟ್ಟಬೇಡಿ.”

“ಸಂಜೆ ಹೊತ್ತಿಗೆ ನಿನ್ನ ಹಿಂದಿನ ಕೋಣೆಗೆ ನೆಟ್ ನೀಟಾಗಿ ಬರತ್ತೆ. ಅದು ನನ್ನ ಜವಾಬ್ದಾರಿ,” ಅಂದ.

ಪಾಸ್‌ವರ್ಡ್ ಹಾಕಿದ. ಅಲ್ಲಿಗೆ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ರೂಟರಿನ ಬೆನ್ನಲ್ಲೊಂದು ಪುಟ್ಟ ಗುಂಡಿ ಕಂಡಿತು. ಅದನ್ನು ಒತ್ತಿಹಿಡಿದರೆ ಪಾಸ್‌ವರ್ಡ್ ಅಳಿಸಿಹೋಗುತ್ತದಂತೆ. ಅಂದಮೇಲೆ ಅದನ್ನು ಹೊರಗಿಡುವುದುಂಟೇ? ಉಕ್ಕಿನ ಬೀರುವಿನ ಬೆನ್ನಿಗೆ ತೂತು ಕೊರೆದು ವೈರು ತೂರಿಸಿ, ರೂಟರನ್ನು ಸೀರೆಗಳ ಮಧ್ಯೆ ಕೂರಿಸಿದ.

ಕೊರೆಯುವ ಸದ್ದಿಗೆ ಮೇಷ್ಟ್ರು ಬಂದೇಬಂದರು. ಉಕ್ಕಿನ ಡಬ್ಬಿಯಿಂದ ಸಿಗ್ನಲ್ ಆಚೆ ಬರೋದಿಲ್ಲ ಅಂತ ತಿಳಿಹೇಳಿದರು. ನೋಡಿದಿರಾ, ಕಳ್ಳನಿಗೆ ಸಂಕಟ ಶುರುವಾಯಿತು ಅಂದುಕೊಂಡ ರಾಯರು, ಅವರೆದುರಿಗೇ ಬೀಗದ ಕೈಯನ್ನು ಬೇಕಾದ್ದಕ್ಕಿಂತ ಅರ್ಧ ಸುತ್ತು ಹೆಚ್ಚೇ ತಿರುಗಿಸಿದರು. ಅದು ಲಟಕ್ಕನೆ ಮುರಿದು, ತಲೆ ಕೈಯಲ್ಲಿ, ಮೈ ಬೀಗದಲ್ಲಿ ಉಳಿಯಿತು. ಮೇಷ್ಟ್ರು ಕೆಮ್ಮುತ್ತ ಮನೆಗೆ ಹೋದರು. ಅದು ನೆಗಡಿಯ ಕೆಮ್ಮಲ್ಲ.

ರಾಯರ ಮೊಬೈಲಿನಲ್ಲಿ ನೆಟ್ ಸುಳಿವಿಲ್ಲ. ಹಿಂದಿನ ಕೋಣೆಗೆ ಹೋಗಿ ಹೆಂಡತಿಯನ್ನು ಮೆಲ್ಲಗೆ ಕೇಳಿದ.

“ನಿಂಗೆ ನೆಟ್ ಬರ್ತಿದೆಯಾ?”

“ಹೂಂ, ಎಂದಿನ ಹಾಗೇ ಇದೆ,” ಅಂದಳು, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

ಎಲಾ! ಕೆಟ್ಟಿರುವುದು ತನ್ನ ಮೊಬೈಲು. ರೂಟರ್ ಉಕ್ಕನ್ನೂ ಗೋಡೆಯನ್ನೂ ಸೀಳಿಕೊಂಡು ಹೋಗಿದೆ. ಎದೆ ಪೂರಿಯಂತೆ ಉಬ್ಬಿತು. ನೇರ ಮೇಷ್ಟ್ರ ಮನೆಗೆ ನುಗ್ಗಿ ಭಾಷಣ ಬಿಗಿದ. ಅಲ್ಲಿಯೂ ಒಂದು ರೂಟರ್ ಕಂಡಾಗ ತುಸು ನಿರಾಸೆಯಾದರೂ ನಿಲ್ಲಿಸಲಿಲ್ಲ. ಈಗಲೇ ನಿಮ್ಮ ಪಾಸ್‌ವರ್ಡ್ ಬದಲಿಸಿ, ಯಾರೂ ಊಹಿಸದಂಥದ್ದು ಇಡಿ, ದೇವರು ಬಂದು ಕೇಳಿದರೂ ಹೇಳಬೇಡಿ ಅಂತ ಮೊಮ್ಮಕ್ಕಳ ಮೇಲೆ ಆಣೆ ಹಾಕಿಸಿ, ಪಕ್ಕದಲ್ಲೇ ಕೂತು ಬದಲಾಯಿಸಿಯೇ ಎದ್ದ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಲ್ಯಾಪ್‌ಟಾಪ್ ಕೈಯಲ್ಲೇ ಇತ್ತು.

“ಈಗಷ್ಟೇ ನೆಟ್ ಹೋಯ್ತು. ಅವರು ಇನ್ನೇನು ಕರೀತಾರೆ. ಮೇಷ್ಟ್ರ ಮನೇಲಿ ಏನಾಯ್ತು?”

“ಮೇಷ್ಟ್ರ ಮನೇಲಿ ಏನಾದ್ರೆ ನಮಗೇನು?”

“ನಿಮ್ಮ ನೆಟ್ಟು ಆ ಕೋಣೆಗೆ ಯಾವತ್ತು ಬಂದಿತ್ತು ರೀ? ನಾನು ಈ ಮನೆಗೆ ಬಂದ ವರ್ಷವೇ ಮೇಷ್ಟ್ರ ಹೆಂಡತಿ ಅವರ ಪಾಸ್‌ವರ್ಡ್ ಕೊಟ್ಟಿದ್ರು. ಅದರಲ್ಲೇ ನಡೀತಿರೋದು.”

ರಾಯರು ಬೀರುವನ್ನು ಗುದ್ದಿದರು, ಒದ್ದರು, ಅದು ತೆರೆಯಲಿಲ್ಲ. ಮೊಬೈಲ್ ಡೇಟಾ ಆ ಓಣಿಗೆ ಹಬ್ಬದ ನೆಂಟನ ಹಾಗೆ, ಬಂದರೆ ಬಂತು, ಅವತ್ತು ಬರಲಿಲ್ಲ. ಕೊನೆಗೆ ಮೇಷ್ಟ್ರ ಬಾಗಿಲು ತಟ್ಟಿ ಕೈಮುಗಿದರು.

“ಹೇಳೋಕಾಗಲ್ಲ ರಾಯರೇ,” ಅಂದರು ಮೇಷ್ಟ್ರು. “ಮೊಮ್ಮಕ್ಕಳ ಮೇಲೆ ಆಣೆ ಇದೆ. ಬೇಕಾದ್ರೆ ನಾನೇ ಬಂದು ಹಾಕಿಕೊಡ್ತೀನಿ. ನೀವು ಮಾತ್ರ ಗೋಡೆ ಕಡೆ ತಿರುಗಿ ನಿಲ್ಲಬೇಕು.”

ರಾಯರು ತಮ್ಮದೇ ಮನೆಯ ಗೋಡೆಗೆ ಮೂಗು ತಾಗಿಸಿ ನಿಂತರು. ಬೆನ್ನ ಹಿಂದೆ ಮೇಷ್ಟ್ರು ಒಂದೊಂದೇ ಅಕ್ಷರ ಒತ್ತುವ ಸದ್ದು. ಆಮೇಲೆ ಹೆಂಡತಿಯ ದನಿ.

“ನಮಸ್ಕಾರ. ನಾನು ಮಾತಾಡೋದು ಕೇಳಿಸ್ತಿದೆಯಾ?”

ಬಹಳ ಚೆನ್ನಾಗಿ ಕೇಳಿಸುತ್ತಿದೆ ಅಂತ ಆ ಕಡೆಯವರು ಅಂದರು. ಸಂಜೆ ಹೊತ್ತಿಗೆ ಹಿಂದಿನ ಕೋಣೆಗೆ ನೆಟ್ ನೀಟಾಗಿ ಬಂದಿತ್ತು.