ಸನ್ನದಿನ ಉಳಿದರ್ಧ

ವಿಧವೆ ಹವೀಸಳನ್ನು ತನ್ನ ಭಂಟ ಸರ್ ಫುಲ್ಕ್‌ಗೆ ಕೊಟ್ಟು ಮದುವೆ ಮಾಡಬೇಕೆಂದು ರಾಜ ಅಪ್ಪಣೆ ಹೊರಡಿಸಿದಂದಿನಿಂದ ಗುಮಾಸ್ತ ಆಸ್ಬರ್ಟ್‌ಗೆ ಊಟ ಸೇರುತ್ತಿರಲಿಲ್ಲ. ನಾಲ್ಕು ವರ್ಷದಿಂದ ಹವೀಸಳ ಪತ್ರಗಳನ್ನು ಬರೆಯುತ್ತಿದ್ದವನು ಅವನೇ. “ಇನ್ನೇನು ಬಾಕಿ, ಆಸ್ಬರ್ಟ್?” ಎಂದು ಅವಳು ಕೇಳಿದಾಗಲೆಲ್ಲ ಗಂಟಲಿಗೆ ಬಂದ ಮಾತನ್ನು ನುಂಗಿ, “ತಾರೀಖು, ಅಮ್ಮಾವ್ರೇ” ಎನ್ನುತ್ತಿದ್ದ.

ಮದುವೆಯ ದಿನ ಬೆಳಗ್ಗೆ ಸುದ್ದಿ ಬಂತು: ದಂಗೆಯೆದ್ದ ಜಹಗೀರುದಾರರು ಥೇಮ್ಸ್ ದಂಡೆಯಲ್ಲಿ ರಾಜನಿಂದ ಒಂದು ಸನ್ನದಿಗೆ ಮುದ್ರೆ ಒತ್ತಿಸಿದ್ದಾರೆ. ಇನ್ನು ಒಲ್ಲದ ವಿಧವೆಯನ್ನು ರಾಜನೂ ಬಲವಂತ ಮಾಡುವಂತಿಲ್ಲವಂತೆ!

ಆಸ್ಬರ್ಟ್ ಗಿರಣಿಯವನ ಹೇಸರಗತ್ತೆ ಹತ್ತಿ ಪಟ್ಟಣಕ್ಕೆ ಓಡಿದ. ಸನ್ನದಿನ ಆ ಕಲಮಿನ ನಕಲು ಸಿಕ್ಕಿತು. ಬರುವಾಗ ಹೇಸರಗತ್ತೆ ನಡುಹೊಳೆಯಲ್ಲಿ ಮೊಂಡು ಹಿಡಿಯಿತು. ನಕಲನ್ನು ತಲೆಯ ಮೇಲೆ ಹೊತ್ತು, ಒಂದು ಬೂಟನ್ನು ಕೆಸರಿಗೊಪ್ಪಿಸಿ, ನೆನೆದ ಕೋಳಿಯಂತೆ ಅವನು ಚರ್ಚಿನ ಬಾಗಿಲಿಗೆ ಬಂದ.

“ನಮ್ಮ ಹೇಸರಗತ್ತೆ ಎಲ್ಲಯ್ಯಾ?” ಗಿರಣಿಯವನ ಹೆಂಡತಿ ಎಡಿಲ್ಡಾ ಅಡ್ಡ ಬಂದಳು.

“ಹೊಳೇಲಿ! ಫಾದರ್, ಮದ್ವೆ ನಿಲ್ಸಿ!”

ಏದುಸಿರಲ್ಲೇ ಓದಿದ: “ಗಂಡನಿಲ್ಲದೆ ಬಾಳಬಯಸುವ ಯಾವ ವಿಧವೆಯನ್ನೂ ಮದುವೆಗೆ ಬಲವಂತಪಡಿಸತಕ್ಕದ್ದಲ್ಲ.”

“ನಾನು ಒಲ್ಲೆ” ಎಂದಳು ಹವೀಸ, ಒಂದು ಕ್ಷಣವೂ ತಡಮಾಡದೆ.

ಸರ್ ಫುಲ್ಕ್ ಬೀಟ್‌ರೂಟಿನಂತೆ ಕೆಂಪಾಗಿ ಕುದುರೆ ಹತ್ತಿ ಹೋದ. ಜನ ಕೇಕೆ ಹಾಕಿದರು.

ಹವೀಸ ಆಸ್ಬರ್ಟ್‌ನ ಹತ್ತಿರ ಬಂದಳು. “ಈಗಾದ್ರೂ ಬಾಯಿ ಬಿಡ್ತೀಯಾ, ಇಲ್ಲ ಮತ್ತೆ ತಾರೀಖು ಅಂತೀಯಾ?”

“ನನ್ನ... ಮದ್ವೆ ಆಗ್ತೀರಾ, ಅಮ್ಮಾವ್ರೇ?”

“ನಾಲ್ಕು ವರ್ಷ ಬೇಕಾಯ್ತಾ ಇದಕ್ಕೆ? ಹೂಂ. ಪಾದ್ರಿಗಳೂ ಇಲ್ಲೇ ಇದಾರೆ.”

ಫಾದರ್ ವೈಮಂಡ್ ನಕಲನ್ನು ಮೂಗಿನ ಹತ್ತಿರ ಹಿಡಿದಿದ್ದರು. “ತಾಳಮ್ಮ. ಇಲ್ಲಿನ್ನೂ ಅರ್ಧ ಉಳಿದಿದೆಯಲ್ಲ. ಓದಪ್ಪಾ.”

ಆಸ್ಬರ್ಟ್ ಓದಿದ. ಒಂದೊಂದು ಪದಕ್ಕೂ ದನಿ ತಗ್ಗುತ್ತ ಹೋಯಿತು. “ಆದರೆ, ರಾಜನಿಂದ ಭೂಮಿ ಪಡೆದವಳು... ರಾಜನ ಒಪ್ಪಿಗೆಯಿಲ್ಲದೆ ಮದುವೆಯಾಗುವುದಿಲ್ಲವೆಂದು... ಮಾತು ಕೊಡತಕ್ಕದ್ದು.”

ಹವೀಸಳ ಭೂಮಿಯೆಲ್ಲ ರಾಜನಿಂದಲೇ ಬಂದದ್ದು.

“ಅಯ್ಯೋ, ಒಪ್ಪಿಗೆ ಕೇಳಿದ್ರಾಯ್ತು!” ಎಂದಳು ಎಡಿಲ್ಡಾ.

ಹವೀಸ ಚರ್ಚಿನ ಮೆಟ್ಟಿಲ ಮೇಲೆ ಕುಳಿತಳು. ಆಸ್ಬರ್ಟ್ ಒಂದು ಗೇಣು ಬಿಟ್ಟು ಕುಳಿತ. ಅವಳ ಕೈ ಅಲ್ಲೇ ಇತ್ತು. ಹಿಡಿಯುವ ಧೈರ್ಯ ಬರಲಿಲ್ಲ.

“ಅರ್ಜಿ ಬರಿ” ಎಂದಳು ಮೆಲ್ಲಗೆ. “ಚೆನ್ನಾಗಿ ಬರಿ.”

“ಇವತ್ತೇ ಬರೀತೀನಿ. ರಾಜರ ಹತ್ರ ತಗೊಂಡು ಹೋಗೋದು ಯಾರು, ಫಾದರ್?”

ಪಾದ್ರಿ ಕೆಮ್ಮಿದರು. “ಈ ಸೀಮೆ ಅರ್ಜಿಗಳೆಲ್ಲ ಸರ್ ಫುಲ್ಕ್ ಕೈಯಿಂದಲೇ ಹೋಗ್ಬೇಕಪ್ಪಾ.”