ಚೆಂಡು ಕಾಣಬೇಕು, ಜೆರೆಯ ಬೂಟು ಕಾಣಬಾರದು

ಮಾನ್ಯ ಕಣ್ಣಿನ ಡಾಕ್ಟರ್ ಹಮೂಂಗಾ ಅವರ ಸನ್ನಿಧಾನಕ್ಕೆ,

ಮಾನ್ಯರೇ, ತಮಗೂ, ತಮ್ಮ ಮನೆಯವರಿಗೂ, ತಮ್ಮ ಅಂಗಡಿಯ ಬೋರ್ಡಿನ ಮೇಲಿಂದ ಊರನ್ನೆಲ್ಲ ರೆಪ್ಪೆ ಹೊಡೆಯದೆ ನೋಡುತ್ತಿರುವ ಆ ದೊಡ್ಡ ನೀಲಿ ಕಣ್ಣಿಗೂ ನನ್ನ ಅನಂತ ನಮಸ್ಕಾರಗಳು. ನಾನು ಡೆಸ್ಟನ್ ಕಪಂಬ್ವೆ, ಇಲ್ಲಿನ ತಾಮ್ರದ ಗಣಿಯಲ್ಲಿ ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದು ನಿವೃತ್ತನಾದವನು, ಗಾಲ್ಫ್ ಕ್ಲಬ್ಬಿನ ಹಿರಿಯ ಸದಸ್ಯ, ಮತ್ತು ಕಳೆದ ಒಂದು ವರ್ಷದಿಂದ ತಮ್ಮ ಪರೀಕ್ಷೆಯ ಯಂತ್ರಕ್ಕೆ ಗದ್ದ ಊರಿ ಊರಿ ಅದನ್ನು ಸವೆಸಿದವನು. ತಾವು ನನಗೆ ಮಾಡಿದ ಮಹದುಪಕಾರದ ಬಗ್ಗೆ ದೂರು ಸಲ್ಲಿಸಲು ಈ ಪತ್ರ ಬರೆಯುತ್ತಿದ್ದೇನೆ. ತಾವು ನನಗೆ ಕಣ್ಣು ಕಾಣುವಂತೆ ಮಾಡಿದಿರಿ. ಅದರಿಂದ ಏನೇನಾಯಿತು ಎಂಬುದು ಎಲ್ಲರಿಗೂ ತಿಳಿಯಲಿ ಎಂದು ಇದರ ಒಂದು ಪ್ರತಿಯನ್ನು ಕ್ಲಬ್ಬಿನ ನೋಟಿಸ್ ಬೋರ್ಡಿಗೂ ಅಂಟಿಸಿದ್ದೇನೆ.

ಮೊದಲ ಸಲ ಬಂದಾಗ ಏನು ತೊಂದರೆ ಎಂದು ತಾವು ಕೇಳಿದ್ದಿರಿ, ಪತ್ರಿಕೆ ಓದಲು ಸ್ವಲ್ಪ ಕಷ್ಟ ಎಂದು ನಾನು ಸುಳ್ಳು ಹೇಳಿದ್ದೆ. ನಿಜ ಸಂಗತಿಯೇನೆಂದರೆ, ಹಿಂದಿನ ಮಳೆಗಾಲದಲ್ಲಿ ಮೂರನೇ ಗುಳಿಯ ದಾರಿಯ ಹುತ್ತದ ಪಕ್ಕ ನನ್ನ ಚೆಂಡು ಬೆಳ್ಳಗೆ ಹೊಳೆಯುತ್ತಿರುವುದನ್ನು ಕಂಡು, ಕಾಲು ಸರಿಯಾಗಿ ಊರಿ, ಹಿಂದೆ ಮಾತಾಡುತ್ತಿದ್ದವರಿಗೆ ಸದ್ದು ಮಾಡಬೇಡಿ ಎಂದು ಗದರಿ, ಜೀವಮಾನದಲ್ಲೇ ಅತ್ಯಂತ ಸುಂದರವಾದ ಹೊಡೆತವೊಂದನ್ನು ಹೊಡೆದೆ. ಅದು ಅಣಬೆ. ಅದರ ಅರ್ಧ ಭಾಗ ಕ್ಲಬ್ಬಿನ ಕ್ಯಾಪ್ಟನ್ ಸಿತಾಲಿ ಅವರ ಇಸ್ತ್ರಿ ಮಾಡಿದ ಪ್ಯಾಂಟಿಗೆ ಮೆತ್ತಿಕೊಂಡಿತು. ನನ್ನ ಜೊತೆಗಾರ ಫ್ಯಾಕ್ಸನ್ ಜೆರೆ ಮಾತ್ರ ಗಂಭೀರವಾಗಿ, “ಭಾವಾ, ಇನ್ನೂ ನಾಲ್ಕು ಹೊಡಿ, ಒಂದರಲ್ಲಿ ಪಲ್ಯ ಆಗಲ್ಲ” ಎಂದ.

ಈ ಜೆರೆ ಯಾರೆಂದು ತಮಗೆ ತಿಳಿಸಬೇಕು. ನಾನು ಗಣಿಯನ್ನು ಅಳೆಯುತ್ತಿದ್ದಾಗ ನನ್ನನ್ನು ಲಿಫ್ಟಿನಲ್ಲಿ ಕೆಳಗಿಳಿಸಿ ಮೇಲೆ ತರುತ್ತಿದ್ದವನು ಅವನು. ನಾನು ಬೆಂಬಾ, ಅವನು ಅಂಗೋನಿ. ನಮ್ಮ ಹಿರಿಯರು ಒಂದು ಕಾಲದಲ್ಲಿ ಈಟಿ ಹಿಡಿದು ಹೊಡೆದಾಡಿ, ಸಾಕಾಗಿ, ಇನ್ನು ಮುಂದೆ ಎಂದೆಂದಿಗೂ ಬರೀ ಬೈದಾಡೋಣ ಎಂದು ಒಪ್ಪಂದ ಮಾಡಿಕೊಂಡ ಹಾಗೆ ಈ ಎರಡು ಕುಲಗಳೂ ಬೈಗುಳದ ನೆಂಟರು. ನಾನು ಅವನನ್ನು ಇಲಿ ತಿನ್ನುವವನೆಂದು ಕರೆಯಬಹುದು, ಅವನು ನನ್ನನ್ನು ಕೋತಿ ತಿನ್ನುವವನೆಂದು ಕರೆಯಬಹುದು, ಹೆಣದ ಮುಂದೆಯೂ ಗೇಲಿ ಮಾಡಬಹುದು, ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗಿ ಬೇಕಾದ್ದನ್ನು ಎತ್ತಿಕೊಂಡು ಹೋಗಬಹುದು. ಮಾಡಬಾರದ್ದು ಒಂದೇ: ಒಬ್ಬರ ಮೇಲೆ ಇನ್ನೊಬ್ಬರು ದೂರು ಕೊಡುವುದು. ಕೊಟ್ಟರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ನಕ್ಕು ಮನೆಗೆ ಕಳಿಸುತ್ತಾರೆ. ಆದ್ದರಿಂದ ಅವನ ಮೇಲೆ ಹೋಗಬೇಕಾಗಿದ್ದ ದೂರು ತಮ್ಮ ಮೇಲೆ ಬಂದಿದೆ, ದಯವಿಟ್ಟು ಸ್ವೀಕರಿಸಬೇಕು.

ತಾವು ಮೊದಲು ದಯಪಾಲಿಸಿದ್ದು ಕನ್ನಡಕ. ಮೇಲೆ ದೂರಕ್ಕೆ, ಕೆಳಗೆ ಓದಿಗೆ, ನಡುವೆ ಅದೂ ಅಲ್ಲದ ಇದೂ ಅಲ್ಲದ ಒಂದು ಪಟ್ಟಿ; ಒಂದೇ ಗಾಜಿನಲ್ಲಿ ಮೂರು ಕೋಣೆ ಮಾಡಿ ನಡುವೆ ಗೋಡೆಯೇ ಇಲ್ಲದಂತೆ ಕಟ್ಟಿದ ಆ ಜಾಣತನವನ್ನು ನಾನು ಎಷ್ಟು ಹೊಗಳಿದರೂ ಕಡಿಮೆ. ಆದರೆ ಗಾಲ್ಫ್ ಆಡುವವನು ತಲೆ ತಗ್ಗಿಸಿ ಕಾಲಬುಡದ ಚೆಂಡು ನೋಡಬೇಕು, ತಗ್ಗಿಸಿದೊಡನೆ ದೃಷ್ಟಿ ಜಾರಿ ಓದುವ ಕೋಣೆಗೆ ಬೀಳುತ್ತದೆ. ಅಲ್ಲಿಂದ ನೋಡಿದರೆ ಚೆಂಡು ಪರಂಗಿಹಣ್ಣಿನಷ್ಟು ದಪ್ಪ, ನೆಲ ಮೊಣಕಾಲಿನಷ್ಟು ಎತ್ತರ. ಅಷ್ಟು ದೊಡ್ಡ ಚೆಂಡಿಗೆ ಕೋಲು ತಾಗದಂತೆ ಬೀಸುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ, ನಾನು ಒಂದೇ ಬೆಳಿಗ್ಗೆ ಹನ್ನೊಂದು ಸಲ ಅದನ್ನು ಸಾಧಿಸಿದೆ. ಗದ್ದವನ್ನು ಎದೆಗೆ ಒತ್ತಿಕೊಂಡು ಗಾಜಿನ ಮೇಲ್ಭಾಗದಿಂದ ನೋಡಿ ಎಂದು ತಾವು ಉಪಾಯ ಹೇಳಿಕೊಟ್ಟಿರಿ. ಹಿತ್ತಲಲ್ಲಿ ಹಾಗೆ ನಿಂತು ಅಭ್ಯಾಸ ಮಾಡುತ್ತಿದ್ದವನನ್ನು ನನ್ನ ಹೆಂಡತಿ ಕಂಡು, “ಏನ್ರೀ ಇದು, ಚೆಂಡಿನ ಹತ್ರ ಕ್ಷಮೆ ಕೇಳ್ತಾ ಇದ್ದೀರಾ? ಕೇಳ್ಕೊಳ್ಳಿ, ಕೇಳ್ಕೊಳ್ಳಿ, ಅದಕ್ಕೂ ಸಾಕಾಗಿರತ್ತೆ” ಎಂದಳು. ಜೂನ್ ತಿಂಗಳಲ್ಲಿ ಕನ್ನಡಕವನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ಆಗಸ್ಟಿನಲ್ಲಿ ಬರಿಗಣ್ಣಿನಲ್ಲೇ ಆಡಿ ಹಿರಿಯರ ಕಪ್ ಗೆದ್ದೆ. ಅದೂ ಒಂದೇ ಒಂದು ಹೊಡೆತ ಕಡಿಮೆ ಹೊಡೆದು. ಎರಡನೆಯವನಾಗಿ ಬಂದದ್ದು ಜೆರೆ. ತಾಯಿ ಕೊಟ್ಟ ಕಣ್ಣಿಗೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಆ ದಿನ ತಮಗೆ ಕೊಬ್ಬಿನ ಸಂದೇಶ ಕಳಿಸಿದ್ದು ನೆನಪಿದೆ, ಅದನ್ನು ಅಳಿಸಿಹಾಕಬೇಕಾಗಿ ಪ್ರಾರ್ಥನೆ. ಕಪ್ಪನ್ನು ಮುಂದಿನ ಕೋಣೆಯಲ್ಲಿ ಜೆರೆ ಕೂರುವ ಕುರ್ಚಿಯ ಎದುರಿಗೇ ಇಟ್ಟೆ. ಅವನು ಬಂದಾಗಲೆಲ್ಲ ಅದರಲ್ಲೇ ನೀರು ಕೊಟ್ಟು, “ಕುಡಿ ಕುಡಿ, ಇಲಿ ತಿನ್ನೋರ ಬಾಯಿಗೆ ಈ ಕಪ್ ಸಿಗೋದು ಹೀಗೆ ಮಾತ್ರ” ಎನ್ನುತ್ತಿದ್ದೆ. ಅವನು ಕುಡಿದು, ಇನ್ನೊಂದು ಸ್ವಲ್ಪ ಹಾಕು ಎನ್ನುತ್ತಿದ್ದ. ಈಗ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಕಪ್ ಗೆಲ್ಲಿಸಿದ್ದು ನನ್ನ ಪ್ರಖ್ಯಾತ ಮಾವಿನ ಹೊಡೆತ. ಏಳನೇ ಗುಳಿಯ ಬಲಗಡೆ ಮಾವಿನ ಮರಗಳ ಸಾಲಿದೆ. ನಾನು ಎತ್ತ ಹೊಡೆದರೂ ಚೆಂಡು ಅಲ್ಲಿಗೇ ಹೋಗುತ್ತದೆ, ಆದರೆ ನಾಲ್ಕು ವರ್ಷಗಳಿಂದ ಅದು ಕಾಂಡಕ್ಕೆ ಬಡಿದು ತಾನಾಗಿ ಹುಲ್ಲಿನ ದಾರಿಗೆ ಮರಳಿ ಬರುತ್ತಿತ್ತು. ಇದು ನನ್ನ ಮಣಿಕಟ್ಟಿನ ತಿರುವಿನಿಂದ ಆಗುವುದೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಹೊಸ ಸದಸ್ಯರಿಗೆ ಕಲಿಸುತ್ತಿದ್ದೆ. ಕ್ಲಬ್ಬಿನ ಭೋಜನದ ದಿನ ಕರಿಹಲಗೆಯ ಮೇಲೆ ಕೋನಗಳನ್ನು ಬರೆದು, ಊಟ ಆರುತ್ತಿದ್ದರೂ ಬಿಡದೆ, ಇಪ್ಪತ್ತು ನಿಮಿಷ ಉಪನ್ಯಾಸ ಕೊಟ್ಟಿದ್ದೆ. ಇಂಥ ಹೊಡೆತವನ್ನು ಹೊಡೆಯುವವನೇ ನೋಡಲಾಗದಿದ್ದರೆ ಹೇಗೆ ಎಂಬ ಆಸೆ ಹುಟ್ಟಿ ಮತ್ತೆ ತಮ್ಮ ಬಾಗಿಲಿಗೆ ಬಂದೆ, ತಾವು ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟಿರಿ.

ಲೆನ್ಸಿನ ಗುಣಗಾನವನ್ನೂ ಮಾಡಲೇಬೇಕು. ಮೂವತ್ತೊಂದು ವರ್ಷ ಅಳತೆಯ ಯಂತ್ರದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ ಇದೇ ಬೆರಳಿಗೆ ಆ ನೀರಿನ ಹನಿಯಂಥದ್ದನ್ನು ಕಣ್ಣಿಗೆ ಇಡಲು ನಲವತ್ತು ನಿಮಿಷ ಬೇಕಾಯಿತು, ಅದೂ ಒಂದು ಕಣ್ಣಿಗೆ. ಅಕ್ಟೋಬರಿನ ಧೂಳಿನಲ್ಲಿ ಎರಡು ಗುಳಿ ಆಡುವಷ್ಟರಲ್ಲಿ ನಾನು ಸ್ವಂತ ತಮ್ಮ ತೀರಿಹೋದವನ ಹಾಗೆ ಅಳುತ್ತಿದ್ದೆ. ನಾಲ್ಕನೇ ಗುಳಿಯ ಹತ್ತಿರ ಬಲಗಣ್ಣಿನದು ಕಳಚಿ ಬಿತ್ತು. ನಮ್ಮ ಕ್ಲಬ್ಬಿನಲ್ಲಿ ಗುಳಿಯ ಸುತ್ತ ಹುಲ್ಲಿಲ್ಲ, ಎಣ್ಣೆ ಕುಡಿಸಿ ತಟ್ಟಿದ ಕಂದು ಮರಳು. ಕ್ಯಾಪ್ಟನ್ ಸಿತಾಲಿಯವರೂ ಸೇರಿ ನಾಲ್ವರು ಹಿರಿಯರು ಅಂಬೆಗಾಲಿಟ್ಟು ಹಣೆ ನೆಲಕ್ಕೆ ಹಚ್ಚಿ ಹುಡುಕುತ್ತಿರುವುದನ್ನು ದೂರದಿಂದ ಕಂಡ ಹೆಂಗಸರ ತಂಡ, ಯಾರೋ ಹೋಗಿಬಿಟ್ಟರೆಂದು ಟೋಪಿ ತೆಗೆದು ಮೌನವಾಗಿ ನಿಂತುಕೊಂಡಿತು. ಲೆನ್ಸು ಕೊನೆಗೆ ಕ್ಯಾಪ್ಟನ್ನರ ಮಂಡಿಗೆ ಅಂಟಿದ್ದು ಸಿಕ್ಕಿತು.

ಇಷ್ಟಾದರೂ ಲೆನ್ಸ್ ಕೆಲಸ ಮಾಡಲಿಲ್ಲ ಎಂದು ನಾನು ದೂರುವುದಿಲ್ಲ. ಮಾಡಿತು. ಅದೇ ನನ್ನ ದೂರು.

ನವೆಂಬರಿನ ಮೊದಲ ಮಳೆ ಬಿದ್ದು ಧೂಳು ಅಡಗಿದ ಶನಿವಾರ, ಏಳನೇ ಗುಳಿಯಲ್ಲಿ, ನನ್ನ ಚೆಂಡು ಮರಗಳ ಸಾಲಿಗೆ ಹೋಗುವುದನ್ನು ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ನೋಡಿದೆ. ಅದು ಕಾಂಡಕ್ಕೆ ಬಡಿಯಿತು. ಮಣಿಕಟ್ಟಿನ ತಿರುವಿಗೆ ಯಾವ ಮರ್ಯಾದೆಯನ್ನೂ ತೋರದೆ ಬೇರಿನ ಹಿಂದೆ ಬಿದ್ದು ಅಲ್ಲೇ ಕೂತಿತು. ಜೆರೆಗೆ ದೂರದ್ದು ಚೆನ್ನಾಗಿ ಕಾಣುತ್ತದೆಂದು ಚೆಂಡು ಹುಡುಕಲು ಯಾವಾಗಲೂ ಅವನೇ ಮುಂದೆ ಹೋಗುವುದು, ಅವತ್ತೂ ಹೋದ. ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಮೋಡ ನೋಡುವವನ ಹಾಗೆ ಆಕಾಶ ನೋಡುತ್ತ ನಿಂತ. ಉಳಿದ ಜೆರೆಗೂ ತನಗೂ ಏನೇನೂ ಸಂಬಂಧವಿಲ್ಲವೆಂಬಂತೆ ಅವನ ಬಲಗಾಲಿನ ಬೂಟು ಮಾತ್ರ ಮೆಲ್ಲಗೆ ಸರಿಯಿತು. ಚೆಂಡು ಹುಲ್ಲಿನ ದಾರಿಗೆ ಉರುಳಿ ಬಂತು. “ಭಾವಾ, ನಿನ್ನ ಅದೃಷ್ಟ ನೋಡೋ! ಮರ ಮತ್ತೆ ವಾಪಸ್ ಎಸೆದಿದೆ!” ಎಂದು ಅವನು ಕೂಗಿದ.

ಕಣ್ಣು ಮಂಜಾಯಿತು, ಇನ್ನು ಆಟ ಬಿಡುತ್ತೇನೆ ಎಂದು ನಾನು ಹೇಳಿದ್ದು ಸರಿಯಾಗಿ ನಾಲ್ಕು ವರ್ಷದ ಹಿಂದೆ. ಮರ ಚೆಂಡು ಎಸೆಯಲು ಶುರು ಮಾಡಿದ್ದು ಅದರ ಮರುವಾರ. ಲೆಕ್ಕ ಹಾಕುವುದೇ ಕಸುಬಾಗಿದ್ದವನಿಗೆ ಇದು ಹೊಳೆಯಲಿಲ್ಲ ನೋಡಿ. ಆಟ ಮುಗಿದ ಮೇಲೆ ಹುರಿದ ಕಡಲೆಕಾಯಿ ಬಿಡಿಸುತ್ತ ಅವನನ್ನು ಕೇಳಿದೆ, ನಿನ್ನ ಬಲಗಾಲು ಏನೋ ಮಾಡುತ್ತಿತ್ತಲ್ಲ ಎಂದು. “ಕೋತಿ ತಿಂದೂ ತಿಂದೂ ಕಣ್ಣು ಚುರುಕಾಗಿದೆ ನಿಂಗೆ. ಹೋಗಿ ಆ ಗಾಜು ಕಿತ್ತು ಬಿಸಾಕಿ ಬಾ” ಎಂದ. ಆಮೇಲೆ ಸಿಪ್ಪೆಯನ್ನು ನೋಡುತ್ತ, “ನೀನು ಮನೇಲಿ ಕೂತ್ರೆ ಶನಿವಾರ ಎದ್ದು ನಾನು ಯಾರಿಗೆ ಬಯ್ಲಿ ಹೇಳು? ಇಲ್ಲಿರೋರೆಲ್ಲ ಮರ್ಯಾದಸ್ಥರು” ಎಂದ. ಡಾಕ್ಟರೇ, ನಾನು ಬಿಡಿಸಿದ ಕಾಳನ್ನೆಲ್ಲ ಅವನ ಮುಂದೆ ಸುರಿದೆ. ಅದೇ ಹೊತ್ತಿಗೆ ಅವನನ್ನು ಕೋಲಿನಿಂದ ಬಾರಿಸಬೇಕೆಂದೂ ಅನ್ನಿಸಿತು.

ಯಾಕೆಂದರೆ ಕಪ್ ನನ್ನದಲ್ಲ. ಚೆಂಡನ್ನು ಬಿದ್ದಲ್ಲಿಂದಲೇ ಹೊಡೆಯಬೇಕು, ಯಾರೂ ಸರಿಸುವಂತಿಲ್ಲ. ನನ್ನ ಚೆಂಡನ್ನು ಸರಿಸಿ ಸರಿಸಿ ಅವನು ತನ್ನ ಕಪ್ಪನ್ನು ನನಗೆ ಸೋತಿದ್ದ. ಅದನ್ನು ಇಟ್ಟುಕೊಂಡರೆ ನಾನು ಕಳ್ಳ, ಕಾರಣ ಹೇಳಿ ಹಿಂದಿರುಗಿಸಿದರೆ ಜೆರೆ ಕ್ಲಬ್ಬಿನಿಂದ ಹೊರಗೆ.

ಈ ಇಕ್ಕಟ್ಟಿನಲ್ಲೇ ನಾನು ಮೂರನೇ ಸಲ ತಮ್ಮಲ್ಲಿಗೆ ಬಂದು ಲೇಸರ್ ವಿಚಾರಿಸಿದ್ದು. “ಲುಸಾಕಾಗೆ ಹೋದ್ರೆ ಹತ್ತು ನಿಮಿಷದ ಕೆಲಸ ಅಜ್ಜಾ. ಆಮೇಲೆ ಹಾಕೋದು ತೆಗೆಯೋದು ಏನೂ ಇಲ್ಲ, ಸಾಯೋವರೆಗೂ ದೂರದ್ದು ಕಾಣ್ತಾ ಇರತ್ತೆ” ಎಂದು ತಾವು ಸಂತೋಷದಿಂದ ಹೇಳಿದಿರಿ. ಕಾಣುವುದು ಬೇಡವೆನ್ನಿಸಿದಾಗ ಏನು ಮಾಡುವುದು ಎಂದು ನಾನು ಕೇಳಿದಾಗ ತಾವು ನಕ್ಕಿರಿ. ನಾನು ತಮಾಷೆ ಮಾಡಿರಲಿಲ್ಲ. ತಮ್ಮ ವಿದ್ಯೆ ಇಷ್ಟು ಮುಂದುವರಿದಿರುವಾಗ, ಕನ್ನಡಕಕ್ಕೆ ನಾಲ್ಕನೆಯದೊಂದು ಕೋಣೆ ಕಟ್ಟಿ ಅದರೊಳಗಿಂದ ಚೆಂಡೂ ಬಾವುಟವೂ ಕಾಣುವಂತೆ, ಒಂಬತ್ತನೇ ನಂಬರಿನ ಕಂದು ಬೂಟು ಮಾತ್ರ ಕಾಣದಂತೆ ಮಾಡಿಕೊಡಲು ಸಾಧ್ಯವೇ? ಇಲ್ಲವಾದರೆ ಶನಿವಾರ ಏಳನೇ ಗುಳಿ ತಲುಪಿದಾಗ ತಾನಾಗಿ ಮಂಜಾಗಿ ಎಂಟನೆಯದರಲ್ಲಿ ತಿಳಿಯಾಗುವ ಲೆನ್ಸ್? ಅದೂ ಆಗದಿದ್ದರೆ, ಮುಂದೆ ಇರುವುದೆಲ್ಲ ಕಂಡು ಬಲಗಡೆಯ ಮಾವಿನ ಮರಗಳನ್ನು ಹಾಗೇ ಬಿಡುವ ಲೇಸರ್?

ತಮ್ಮ ಉತ್ತರಕ್ಕೆ ಕಾಯದೆ ಕಳೆದ ಭಾನುವಾರ, ಹಳೆಯ ಕನ್ನಡಕವನ್ನೇ ಏರಿಸಿಕೊಂಡು ಕಪ್ಪನ್ನು ಕ್ಯಾಪ್ಟನ್ ಸಿತಾಲಿಯವರ ಮೇಜಿನ ಮೇಲಿಟ್ಟೆ. ಆಗಸ್ಟಿನಲ್ಲಿ ನನ್ನ ಚೆಂಡು ಸರಿದಿತ್ತು ಎಂದೆ. ಸರಿಸಿದ್ದು ಯಾರು ಎಂದರು. ಹೊಡೆತದ ಲೆಕ್ಕದ ಕಾರ್ಡಿಗೆ ಸಹಿ ಹಾಕಿದವನು ನಾನು ಎಂದೆ. “ಅದು ಉತ್ತರ ಅಲ್ಲ ಬಿಡಿ ಕಪಂಬ್ವೆಯವರೇ” ಎಂದರು, ನಾನು ಕಪ್ಪನ್ನು ಅವರ ಕಡೆಗೆ ಇನ್ನಷ್ಟು ತಳ್ಳಿದೆ. ಅವರು ಗೆದ್ದವರ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿ, ಈಸ್ಟರ್‌ವರೆಗೆ ಆಡುವಂತಿಲ್ಲ ಎಂದು ಬರೆದರು. ಕಪ್ ಎರಡನೆಯವನಿಗೆ ಹೋಯಿತು. ಅದನ್ನು ಬೇಡವೆನ್ನಬೇಕಾದರೆ ಜೆರೆ ತನ್ನ ಕಾಲಿನ ವಿಷಯ ಬಾಯಿಬಿಡಬೇಕು. ಆದ್ದರಿಂದ ಎಲ್ಲರ ಚಪ್ಪಾಳೆಯ ನಡುವೆ, ಮಲೇರಿಯಾದ ಕಹಿ ಮಾತ್ರೆ ಅಗಿದವನ ಮುಖ ಮಾಡಿಕೊಂಡು ಅದನ್ನು ತೆಗೆದುಕೊಂಡ. ಈಗ ಈ ಪತ್ರ ಓದಿ ಕ್ಯಾಪ್ಟನ್ನರು ಜೆರೆಯ ಮೇಲೆ ಕ್ರಮ ಕೈಗೊಳ್ಳಲು ಹೊರಟರೆ, ಅಂಗೋನಿಯ ಬಗ್ಗೆ ಬೆಂಬಾ ಆಡಿದ ಮಾತನ್ನು ಈ ದೇಶದಲ್ಲಿ ಯಾರೂ ಸಾಕ್ಷಿಯೆಂದು ಹಿಡಿದಿಲ್ಲ ಎಂಬುದನ್ನು ಅವರ ಗಮನಕ್ಕೆ ತರಬಯಸುತ್ತೇನೆ.

ಜೆರೆ ಕ್ಲಬ್ಬಿನಿಂದ ನೇರ ನಮ್ಮ ಮನೆಗೆ ಬಂದ. ಬಾಗಿಲು ತಟ್ಟಲಿಲ್ಲ. ಕಪ್ಪನ್ನು ನನ್ನ ಮುಂದೆ ಕುಕ್ಕಿ, ನನ್ನ ತಟ್ಟೆಯ ಮುದ್ದೆಯನ್ನೂ ಮೀನನ್ನೂ ಮುಗಿಸಿ, ಕೈ ತೊಳೆದು, ನನ್ನ ಮೂಗಿನ ಮೇಲಿನ ಕನ್ನಡಕವನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಬಚ್ಚಲಿಗೆ ಹೋಗಿ ಲೆನ್ಸಿನ ಡಬ್ಬಿಯನ್ನೂ ತಂದ. “ನೆಂಟನ ಮನೆಯಿಂದ ಏನು ಬೇಕಾದ್ರೂ ಒಯ್ಯಬಹುದು, ಅಲ್ವೇನಮ್ಮಾ?” ಎಂದು ನನ್ನ ಹೆಂಡತಿಯನ್ನು ಕೇಳಿದ, ಅವಳು ಹೌದು ಎಂದಳು. “ಈಸ್ಟರ್ ಆದ್ಮೇಲೆ ಬಾ. ಕುರುಡಾಗೇ ಬಾ” ಎಂದು ಹೇಳಿ ಹೊರಟುಹೋದ. ಈ ಕಳವಿನ ಬಗ್ಗೆ ನಾನು ಯಾವ ಠಾಣೆಗೂ ಹೋಗುವಂತಿಲ್ಲ ಎಂಬುದು ತಮಗೆ ಈಗ ತಿಳಿದೇ ಇದೆ.

ಜೆರೆಯಂಥವನು ಕದಿಯಲಾಗದ್ದು ಲೇಸರ್ ಒಂದೇ. ಆದ್ದರಿಂದಲೇ ಅದು ನನಗೆ ಬೇಡ. ಅದೇ ಅಳತೆಯ ಇನ್ನೊಂದು ಕನ್ನಡಕ ಮಾಡಿಕೊಡಿ. ಈಸ್ಟರ್ ಕಳೆದ ಮೇಲೆ ಅದನ್ನು ಹಾಕಿಕೊಂಡು ಏಳನೇ ಗುಳಿಯಲ್ಲಿ ಅವನಿಗಿಂತ ಮೊದಲು ನಾನೇ ಮರದ ಹತ್ತಿರ ನಡೆದು, ಬೇರಿನ ಹಿಂದಿನಿಂದಲೇ ಹೊಡೆದು, ಎಲ್ಲರೆದುರು ಸೋಲುತ್ತೇನೆ. ಪ್ರತಿ ಶನಿವಾರ ಸೋಲುತ್ತೇನೆ. ಆದರೆ ಇಬ್ಬರಲ್ಲಿ ಒಬ್ಬರು ಸಾಯುವವರೆಗೆ ಹೋಗುವುದನ್ನು ಮಾತ್ರ ಬಿಡುವುದಿಲ್ಲ ಎಂದು ಅವನಿಗೆ ಹೇಳಿ ಕಳಿಸಿದ್ದೇನೆ.

ಇತಿ, ಸದ್ಯಕ್ಕೆ ಏನೂ ಕಾಣದ
ತಮ್ಮ ವಿಶ್ವಾಸಿ,
ಡೆಸ್ಟನ್ ಕಪಂಬ್ವೆ

ವಿ.ಸೂ.: ಪತ್ರ ಮಡಿಸುವಷ್ಟರಲ್ಲಿ ಒಂದು ಬೆಳವಣಿಗೆಯಾಗಿದೆ. ಚೆಂಡುಗಳು ಅದಲುಬದಲಾಗದಿರಲಿ ಎಂದು ನನ್ನದಕ್ಕೆ ಕೆಂಪು ಚುಕ್ಕೆ, ಜೆರೆಯದಕ್ಕೆ ನೀಲಿ ಚುಕ್ಕೆ ಹಾಕುವುದು ನಮ್ಮಲ್ಲಿ ಮೊದಲಿಂದ ಇರುವ ಏರ್ಪಾಡು. ಜೆರೆ ನಿನ್ನೆ ನನ್ನ ಕನ್ನಡಕ ಹಾಕಿಕೊಂಡು ಬಂದು, ಕೆಳಗಿನ ಕೋಣೆಯಿಂದ ಚೆಂಡೊಂದನ್ನು ಬಹಳ ಹೊತ್ತು ತಿರುಗಿಸಿ ನೋಡಿ, “ಓಹೋ, ಕೆಂಪು ನಿಂದಾ? ನಾನು ಇಷ್ಟು ದಿನ ನಂದು ಅಂದ್ಕೊಂಡಿದ್ದೆ” ಎಂದ. ಗೇಲಿಗೆ ಹೇಳಿದನೋ ನಿಜಕ್ಕೆ ಹೇಳಿದನೋ ಕೇಳುವ ಧೈರ್ಯ ನನಗಿಲ್ಲ. ನಿಜವಾದರೆ, ನಾಲ್ಕು ವರ್ಷ ಅವನು ಸರಿಸಿದ್ದು ಯಾರ ಚೆಂಡು, ಕಪ್ ಯಾರದ್ದು ಎಂಬ ಲೆಕ್ಕವೆಲ್ಲ ಮತ್ತೆ ಮೊದಲಿಂದ. ಕಣ್ಣು ಪರೀಕ್ಷೆಗೆ ಮುಂದಿನ ವಾರ ತಮ್ಮಲ್ಲಿಗೆ ಬರುತ್ತಾನಂತೆ. ಅವನ ಕನ್ನಡಕ ಮಾಡಲು ಅವಸರವೇನಿಲ್ಲ, ನನ್ನ ಕಣ್ಣು ಸರಿಮಾಡಲು ತೆಗೆದುಕೊಂಡಷ್ಟೇ ಕಾಲ ತೆಗೆದುಕೊಂಡರೆ ನಾವಿಬ್ಬರೂ ನೆಮ್ಮದಿಯಾಗಿ ಸಾಯುತ್ತೇವೆ.