ಐದು ಸ್ಪೀಕರಿನ ಅತ್ತೆ

ಯಂತ್ರದ ಜೊತೆ ಬರುವ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಈ ಲೋಕದಲ್ಲಿ ಇಬ್ಬರೇ. ಒಬ್ಬರು ಅದನ್ನು ಬರೆದವರು, ಇನ್ನೊಬ್ಬರು ನಮ್ಮ ಅತ್ತೆ. ಬರೆದವರ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಅತ್ತೆಯ ಬಗ್ಗೆ ಇಲ್ಲ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಮನೆ ಮೈಸೂರಿನ ವಿದ್ಯಾರಣ್ಯಪುರಂನಲ್ಲಿ. ಓದಿದ್ದು ಎಸ್ಸೆಸ್ಸೆಲ್ಸಿ, ಅದರಲ್ಲೂ ಇಂಗ್ಲಿಷು ಪಾಸಾದದ್ದು ಎರಡನೇ ಸಲಕ್ಕೆ. ಆದರೆ ಹೊಸ ಸಾಮಾನು ಮನೆಗೆ ಬಂದರೆ ಪೆಟ್ಟಿಗೆಯಿಂದ ಮೊದಲು ಈಚೆಗೆ ಬರುತ್ತಿದ್ದುದು ಪುಸ್ತಕ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಅದನ್ನು ಓದಿ ಮುಗಿಸುವವರೆಗೆ ಸಾಮಾನನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಮಿಕ್ಸಿಯನ್ನು ಒಂದೇ ಸಮನೆ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು ಎಂದು ಅದರ ಪುಸ್ತಕದಲ್ಲಿತ್ತಂತೆ. ಅತ್ತೆ ಗಡಿಯಾರ ನೋಡಿಕೊಂಡು ನಿಲ್ಲಿಸಿಬಿಡುತ್ತಿದ್ದರು, ಚಟ್ನಿ ಯಾವ ಹಂತದಲ್ಲಿದ್ದರೂ ಸರಿಯೇ.

"ಕಾಯಿ ಹಾಗ್ಹಾಗೇ ಬಾಯಿಗೆ ಸಿಗ್ತಾ ಇದೆಯಲ್ಲೇ" ಎಂದು ಮಾವ ರಾಗ ಎಳೆದರೆ, "ಅಗೀರಿ. ನಿಮ್ಮ ಹಲ್ಲಿಗೇನು ಕಂಪನಿಯವರು ಟೈಮ್ ಹಾಕಿಲ್ಲ" ಎನ್ನುತ್ತಿದ್ದರು.

ಬಟ್ಟೆ ಒಗೆಯುವ ಮಿಷನ್ನನ್ನು ಸಮತಟ್ಟಾದ ನೆಲದ ಮೇಲೆ ಇಡಬೇಕು ಎಂದು ಇನ್ನೊಂದು ಪುಸ್ತಕ ಹೇಳಿತು. ಅತ್ತೆ ಗಾರೆಯವರಿಂದ ರಸಮಟ್ಟ ತರಿಸಿ ಬಚ್ಚಲಿನ ನೆಲ ವಾಲಿರುವುದನ್ನು ಪತ್ತೆ ಹಚ್ಚಿದರು. ವಾಲದಿದ್ದರೆ ನೀರು ಎಲ್ಲಿಗೆ ಹೋಗಬೇಕು ಎಂದು ಮಾವ ಕೇಳಿದ್ದಕ್ಕೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ನೆಲ ಒಡೆಸಿ ಸಮ ಮಾಡಿಸಿದರು. ಮಿಷನ್ನು ಅಲುಗಾಡದೆ ನಿಂತಿತು. ನೀರೂ ಅಲುಗಾಡದೆ ನಿಂತಿತು. ಇಷ್ಟಾದರೂ ಯಂತ್ರದ ವಿಷಯದಲ್ಲಿ ತಮ್ಮದು ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ.

ಡಿವಿಡಿ ಪ್ಲೇಯರುಗಳು ಒಂದೊಂದಾಗಿ ಮನೆಗಳಿಗೆ ಬರುತ್ತಿದ್ದ ಕಾಲದಲ್ಲಿ ಅತ್ತೆಯ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಇಲವಾಲದಿಂದ ಇವರ ಮನೆಗೆ ಬಂದರು. ದೊಡ್ಡತ್ತೆಗೆ ಕಣ್ಣಿನ ನರ ಸೋತು ದೃಷ್ಟಿ ಪೂರ್ತಿ ಹೋಗಿತ್ತು. ಒಂದು ಕಾಲಕ್ಕೆ ಅಡುಗೆ ಮುಗಿಸಿ, ಬಸ್ಸು ಹತ್ತಿ, ಮೈಸೂರಿನಲ್ಲಿ ಮ್ಯಾಟಿನಿ ನೋಡಿ, ಹಾಲು ಕರೆಯುವ ಹೊತ್ತಿಗೆ ಮನೆ ಸೇರುತ್ತಿದ್ದ ಹೆಂಗಸು. ಊರಿಗೆಲ್ಲ ಕೇಳುವಂತೆ ಮಾತು. ಈಗ ಹಜಾರದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಮೊದಮೊದಲು ಸಂಜೆಯಾದರೆ "ಬೆಟ್ಟದ ಮೇಲೆ ದೀಪ ಹತ್ತುದ್ವಾ?" ಎಂದು ಕೇಳುತ್ತಿದ್ದರು. ನಾವು "ಹೂಂ" ಎನ್ನುತ್ತಿದ್ದೆವು. ಬರೀ ಹೂಂ ಕೇಳಿ ಕೇಳಿ ಬೇಸರವಾಯಿತೋ ಏನೋ, ಕೇಳುವುದನ್ನೇ ಬಿಟ್ಟರು. ಊಟವೂ ಕಡಿಮೆಯಾಯಿತು.

"ಕಣ್ಣು ಹೋದ್ರೆ ಹೋಯ್ತು, ಕಿವಿ ಇದೆಯಲ್ಲ" ಎಂದು ಅತ್ತೆ ಮಾವನನ್ನು ಹೊರಡಿಸಿಕೊಂಡು ಹೋಗಿ ಒಂದು ಡಿವಿಡಿ ಪ್ಲೇಯರನ್ನೂ ಐದು ಸ್ಪೀಕರಿನ ಒಂದು ಸೆಟ್ಟನ್ನೂ ತಂದರು. ಅಕ್ಕನ ಕುರ್ಚಿಯ ಸುತ್ತ ಐದು ಕಡೆ ಸ್ಪೀಕರು ನಿಲ್ಲಿಸಿದರು. ನಡುವೆ ಕೂತ ದೊಡ್ಡತ್ತೆ ಮಂಟಪದಲ್ಲಿ ಕೂರಿಸಿದ ಗೌರಿಯ ಹಾಗೆ ಕಾಣುತ್ತಿದ್ದರು. ಎರಡು ಕಡೆಯಿಂದ ಮಾತು ಬಂದರೆ ಅಕ್ಕನಿಗೆ ಗೊಂದಲವಾದೀತೆಂದು ಪ್ಲೇಯರಿನಿಂದ ಟಿವಿಗೆ ಶಬ್ದ ಒಯ್ಯುವ ಕೆಂಪು, ಬಿಳಿ ವೈರುಗಳನ್ನು ಅತ್ತೆ ಕಿತ್ತು ಸುತ್ತಿಟ್ಟರು. ಇನ್ನು ಶಬ್ದ ಹೋಗಬೇಕಾದದ್ದು ಸ್ಪೀಕರ್ ಸೆಟ್ಟಿಗೆ ಹಾಕಿದ್ದ ಒಂದೇ ಒಂದು ಕಿತ್ತಳೆ ತುದಿಯ ವೈರಿನಲ್ಲಿ. ಅದರಲ್ಲಿ ಶಬ್ದವನ್ನು ಯಾವ ರೂಪದಲ್ಲಿ ಕಳಿಸಬೇಕೆಂದು ಟಿವಿ ಪರದೆಯ ಮೇಲೆ ನಾವೇ ಆರಿಸಬೇಕು. ಅಲ್ಲಿನ ಪಟ್ಟಿಯಲ್ಲಿದ್ದ ಹೆಸರುಗಳು ಬಿಟ್‌ಸ್ಟ್ರೀಮ್, ಪಿಸಿಎಂ ಮತ್ತು ಆಫ್.

"ರೀ, ಡಿಕೋಡರ್ ಇದ್ರೆ ಬಿಟ್‌ಸ್ಟ್ರೀಮ್ ಹಾಕಿ ಅಂತ ಬರೆದಿದಾನೆ. ನಮ್ಮನೇಲಿ ಡಿಕೋಡರ್ ಇದೆಯಾ?"

"ನಂಗೊತ್ತಿಲ್ಲ ಕಣೇ. ಅಟ್ಟದ ಮೇಲೆ ನೋಡು" ಎಂದರು ಮಾವ.

ಅತ್ತೆ ಬಿಟ್‌ಸ್ಟ್ರೀಮ್ ಆರಿಸಿದರು. ಐದೂ ಸ್ಪೀಕರುಗಳಿಂದ ಒಟ್ಟಿಗೆ ಜರ್ರ್ ಎಂದು ಸದ್ದು ಹೊರಟಿತು. ದೊಡ್ಡತ್ತೆ ಬೆಚ್ಚಿ, "ಮಳೆ ಬಂತು ಕಣೇ, ಹಪ್ಪಳ ಒಳಗಾಕು" ಎಂದರು.

ಅಂಗಡಿಯವರಿಗೆ ಫೋನು ಮಾಡಿದರೆ, ಆ ಸೆಟ್ಟಿನಲ್ಲಿ ಡಿಕೋಡರ್ ಇಲ್ಲ, ಪಿಸಿಎಂ ಹಾಕಿ, ಸರಿಹೋಗುತ್ತದೆ ಎಂದರು. ಅತ್ತೆ ಪುಸ್ತಕ ತೆರೆದು ನೋಡಿದರು. ಪಿಸಿಎಂ ಆದರೆ ಎರಡೇ ಸ್ಪೀಕರಿನಲ್ಲಿ ಶಬ್ದ ಬರುತ್ತದೆ ಎಂದಿತ್ತು.

"ಐದು ತಂದು ಎರಡರಲ್ಲಿ ಕೇಳಕ್ಕೆ ನಂಗೇನು ತಲೆ ಕೆಟ್ಟಿದೆಯಾ? ಮಿಕ್ಕ ಮೂರರ ಮೇಲೆ ಹೂವಿನ ಕುಂಡ ಇಡ್ಲಾ?"

ಹಟ ಶುರುವಾಯಿತು. ವೈರು ಕಿತ್ತು ಹಾಕಿದರು, ತಿರುಗಿಸಿ ಹಾಕಿದರು, ತುದಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದರು. ಪ್ರತಿ ಸಲವೂ ಮಳೆ ಬಂತು. ನೆಂಟರಿಷ್ಟರು ಸೆಟ್ಟು ಹೇಗಿದೆ ಎಂದು ಕೇಳಿದರೆ, "ಚೆನ್ನಾಗಿದೆ, ಇನ್ನೂ ಹೊಂದ್ಕೋತಾ ಇದೆ" ಎನ್ನುತ್ತಿದ್ದರು, ಹೊಸ ಸೊಸೆಯ ವಿಷಯ ಹೇಳುವವರಂತೆ.

ಇದರ ನಡುವೆ ಒಂದು ಭಾನುವಾರ ಅಕ್ಕಪಕ್ಕದ ಮನೆಯವರನ್ನೆಲ್ಲ ಪೌರಾಣಿಕ ಚಿತ್ರಕ್ಕೆ ಕರೆದುಬಿಟ್ಟರು. ಅಷ್ಟು ಜನರೆದುರು ಅವಮಾನ ಮಾಡಲಾರದು ಎಂಬ ನಂಬಿಕೆ, ಮಿಷನ್ನಿನ ಮೇಲೆ. ಎಲ್ಲರೂ ಚಾಪೆ ಹಾಸಿ ಕೂತರು. ಅತ್ತೆ ಗುಂಡಿ ಒತ್ತಿದರು. ಮಳೆ. ಎದುರುಮನೆಯ ಮಗು ಕಿಟಾರನೆ ಕಿರುಚಿ ಅಳತೊಡಗಿತು. ಬೇರೆ ದಾರಿ ಕಾಣದೆ ಅತ್ತೆ ಪಟ್ಟಿಗೆ ಹೋಗಿ ಆಫ್ ಒತ್ತಿದರು. ಸದ್ದು ನಿಂತಿತು. ಚಿತ್ರ ಮಾತ್ರ ಮೂಕವಾಗಿ ಓಡುತ್ತಿತ್ತು. ಹೇಗಪ್ಪಾ ಎದ್ದು ಹೋಗುವುದು ಎಂದು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾಕೇ ಎಲ್ಲಾ ಸುಮ್ಕಾದ್ರಿ? ಏನು ನಡೀತಾ ಐತೆ?" ಎಂದರು ದೊಡ್ಡತ್ತೆ.

ಅತ್ತೆ ಒಂದು ಗಳಿಗೆ ಟಿವಿಯನ್ನೇ ನೋಡಿದರು. ಆಮೇಲೆ ಅಕ್ಕನ ಪಕ್ಕ ಮಣೆ ಎಳೆದುಕೊಂಡು ಕೂತರು. ಮೈಸೂರಿಗೆ ಬಂದು ಎಷ್ಟೋ ವರ್ಷವಾದರೂ ಅಕ್ಕನ ಹತ್ತಿರ ಮಾತಾಡುವಾಗ ಅವರ ನಾಲಿಗೆಗೆ ಇಲವಾಲವೇ ಬರುತ್ತಿತ್ತು.

"ರಾಜ ಸಿಂಹಾಸನದ ಮೇಲೆ ಕೂತವ್ನೆ ಕಣಕ್ಕ. ಒಡವೆ ಎಷ್ಟು ಹೇರ್ಕೊಂಡವ್ನೆ ಅಂದ್ರೆ, ಎದ್ರೆ ಮುಗ್ಗರಿಸ್ತಾನೆ."

"ರಾಣಿ?"

"ಪಕ್ಕದಲ್ಲವ್ಳೆ. ಹಸುರು ಸೀರೆ, ಕೆಂಪಂಚು. ನಿನ್ ಮದುವೇಲಿ ಉಟ್ಟಿದ್ಯಲ್ಲ, ಅಂಥದ್ದೇ. ಈಗೊಬ್ಬ ಋಷಿ ಬಂದ. ಶಾಪ ಕೊಡೋ ಮುಖ ಮಾಡ್ಕೊಂಡವ್ನೆ."

"ಏನಂತಾ ಅವ್ನೆ?"

ಅತ್ತೆ ಗಂಟಲು ದಪ್ಪ ಮಾಡಿಕೊಂಡರು. "ಎಲೈ ರಾಜನೇ, ನಿನ್ನ ಅರಮನೆಯ ನಲ್ಲಿಯಲ್ಲಿ ನೀರು ಬಾರದೇ ಹೋಗಲಿ."

ಬೀದಿಯಲ್ಲಿ ಆ ವಾರ ನೀರು ಬಂದಿರಲಿಲ್ಲ. ಕೂತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕವರು ದೊಡ್ಡತ್ತೆ. ಆ ಮನೆಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಚಿತ್ರ ಮುಗಿಯುವವರೆಗೆ ಅತ್ತೆ ರಾಜನೂ ಆದರು, ರಾಣಿಯೂ ಆದರು, ರಾಕ್ಷಸನೂ ಆದರು. ರಾಕ್ಷಸನ ಧ್ವನಿ ಮಾವನ ಧ್ವನಿಯನ್ನು ಹೋಲುತ್ತಿದೆ ಎಂದು ಯಾರೋ ಅಂದರು. ಮಾವ, "ರಾಕ್ಷಸನಿಗೆ ಇಷ್ಟು ಮಾತಾಡೋಕೆ ಅವಕಾಶ ಆದ್ರೂ ಇದೆ" ಎಂದರು. ದೊಡ್ಡತ್ತೆ ಆ ದಿನ ಅನ್ನ ಕೇಳಿ ಎರಡನೇ ಸಲ ಹಾಕಿಸಿಕೊಂಡರು.

ಇಷ್ಟಕ್ಕೇ ಬಿಟ್ಟರೆ ಅತ್ತೆ ಹೇಗಾದಾರು? ಮರುವಾರ, ನನ್ನೆದುರಿಗೇ, ಮನಸ್ಸಿಲ್ಲದ ಮನಸ್ಸಿನಿಂದ ಪಿಸಿಎಂ ಒತ್ತಿದರು. "ಸದ್ಯಕ್ಕೆ ಮಾತ್ರ" ಎಂದು ಮಿಷನ್ನಿಗೇ ಹೇಳಿದರು. ಎರಡೇ ಸ್ಪೀಕರಿನಲ್ಲಿ, ಆದರೆ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ವೀಣೆಯ ನಾದ ಬಂತು. ಅತ್ತೆಯ ಮುಖ ಅರಳಿತು. ಮತ್ತೆ ಎಲ್ಲರನ್ನೂ ಕರೆದರು.

ದೊಡ್ಡತ್ತೆ ಸೆರಗು ಹೊದ್ದು ಮುಂದೆಯೇ ಕೂತರು. ಹಾಡಿಗೆ ತಲೆದೂಗಿದರು. ಯುದ್ಧ ಬಂತು. ಬರೀ ಖಣಖಣ ಸದ್ದು.

"ಯಾರು ಯಾರ್ಗೆ ಹೊಡೀತಾವ್ರೆ?" ಎಂದು ಮೆಲ್ಲಗೆ ಕೇಳಿದರು.

"ಶ್, ಡೈಲಾಗು" ಎಂದರು ಯಾರೋ ಹಿಂದಿನಿಂದ. ದೊಡ್ಡತ್ತೆ ಮತ್ತೆ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ "ಚೆಂದಾಗೈತೆ ಸವುಂಡು" ಎಂದು ಹೇಳಿ, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅತ್ತೆ ರಿಮೋಟು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಬಂದವರು ಹೊಗಳಿದ್ದು ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ನಾನು ಹೋದಾಗ ಅಕ್ಕ ತಂಗಿ ಇಬ್ಬರೇ ಹಜಾರದಲ್ಲಿದ್ದರು. ಬೇರೊಂದು ಚಿತ್ರ ಆಗತಾನೇ ಶುರುವಾಗಿತ್ತು, ಸಂಗೀತ ಸೊಗಸಾಗಿ ಕೇಳುತ್ತಿತ್ತು. ದೊಡ್ಡತ್ತೆ ಮಡಿಲಲ್ಲಿ ಕೈ ಇಟ್ಟುಕೊಂಡು ಕಲ್ಲಿನ ಹಾಗೆ ಕೂತಿದ್ದರು. ಅತ್ತೆ ಸ್ವಲ್ಪ ಹೊತ್ತು ಅವರನ್ನೇ ನೋಡಿದರು. ಆಮೇಲೆ ರಿಮೋಟು ಎತ್ತಿ ಪಟ್ಟಿ ತೆರೆದರು. ಗುರುತು ಪಿಸಿಎಂ ಮೇಲಿತ್ತು. ಅದನ್ನು ಕೆಳಗಿಳಿಸಿ ಆಫ್ ಒತ್ತಿದರು. ಹಜಾರ ನಿಶ್ಶಬ್ದವಾಯಿತು.

ನಾನು ಏನೋ ಹೇಳಲು ಬಾಯಿ ತೆರೆದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟರು.

"ಅಕ್ಕ, ಮತ್ತೆ ಕೆಟ್ಟೋಯ್ತು ಕಣಕ್ಕ ಇದು" ಎಂದರು. "ಎಷ್ಟು ಓದುದ್ರೂ ನನ್ ತಲೆಗೆ ಹತ್ತಲ್ಲ. ನನ್ ಕೈಲಾಗಲ್ಲ."

"ಹೋಗ್ಲಿ ಬುಡು" ಎಂದರು ದೊಡ್ಡತ್ತೆ. ಧ್ವನಿಯಲ್ಲಿ ಸ್ವಲ್ಪವೂ ಬೇಸರವಿರಲಿಲ್ಲ. ಕುರ್ಚಿಯನ್ನು ತಡವಿಕೊಂಡು ತಂಗಿಯ ಕಡೆ ಎಳೆದುಕೊಂಡರು. "ನಿಂಗೆ ಮಿಸೀನು ಯಾವತ್ತು ಬಂದಿತ್ತು? ನೀನೇ ಹೇಳು. ಏನು ಕಾಣ್ತಾ ಐತೆ?"

ಅತ್ತೆ ಅಕ್ಕನ ಕೈ ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಈಗಿನ್ನೂ ಬೆಳಕು ಹರೀತಾ ಐತೆ ಕಣಕ್ಕ. ಅರಮನೆ ಬಾಗ್ಲಲ್ಲಿ ಒಬ್ಳು ರಂಗೋಲಿ ಹಾಕ್ತಾ ಅವ್ಳೆ. ಆನೆ ಒಂದು ಅದನ್ನ ತುಳೀದಂಗೆ ಪಕ್ಕಕ್ಕೆ ನಿಂತೈತೆ, ನೋಡು."